ತೊಟ್ಟಿಲಬಂಡೆ ಗುಡ್ಡದ ಬೆಂಕಿ

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಅರಣ್ಯ ರಕ್ಷಕರು ಚನ್ನಪಟ್ಟಣದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಒಬ್ಬಳು ಮಾಗಡಿ ಕಡೆಯ ಹೆಣ್ಣುಮಗಳು, ಇನ್ನೊಬ್ಬ ಹಾಸನದವನು. ತರಬೇತಿಯಲ್ಲಿ ಕಾಡುಬೆಂಕಿಯ ಬಗ್ಗೆ ಎರಡು ದಿನ ಪಾಠ ಆಯಿತಂತೆ, ಪರದೆಯ ಮೇಲೆ ಚಿತ್ರ ತೋರಿಸಿದರಂತೆ. ಆದರೂ ನಿಜವಾಗಿ ಬೆಂಕಿ ಎದುರಾದಾಗ ಏನು ಮಾಡಬೇಕು ಸರ್ ಎಂದು ಆಕೆ ಕೇಳಿದಳು. ನಾನು ಕಾಫಿ ಕೊಡಿಸಿ, ಹುಷಾರಾಗಿರಿ ಎಂದು ಹೇಳಿ ಕಳಿಸಿಬಿಟ್ಟೆ. ಅವರು ಗೇಟು ದಾಟಿದ ಮೇಲೆ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಮೂವತ್ತನಾಲ್ಕು ವರ್ಷ ಹೊಗೆ ಕುಡಿದವನಿಗೆ ಹೇಳಲು ಇದ್ದದ್ದು ಅಷ್ಟೇ ಏನು?

ಅದಕ್ಕೆ ಬರೆಯುತ್ತಿದ್ದೇನೆ. ನಾನು ಯಾವಾಗ ರಕ್ಷಕನಿಂದ ಉಪ ವಲಯಾಧಿಕಾರಿಯಾದೆ, ಬೀಳ್ಕೊಡುಗೆಯ ದಿನ ಯಾರು ಶಾಲು ಹೊದಿಸಿದರು ಎಂಬ ಸಂಗತಿಗಳು ಇದರಲ್ಲಿ ಇಲ್ಲ. ಶಾಲು ಹೊದಿಸಿಕೊಳ್ಳುವಾಗಲೂ ನನಗೆ ನೆನಪಾದದ್ದು ಮಾದಯ್ಯ ಒಬ್ಬನೇ.

ಮಾದಯ್ಯನನ್ನು ನಾನು ಮೊದಲು ನೋಡಿದ್ದು ನನ್ನ ಮೊದಲ ಬೇಸಿಗೆಯಲ್ಲಿ, ನಾನು ಮಾಡಿದ ಒಂದು ಅನಾಹುತದ ನಡುವೆ. ಆಗ ನನ್ನ ಗಸ್ತು ಕಬ್ಬಾಳಿನಿಂದಾಚೆ, ಕನಕಪುರದ ಕಡೆಯ ಕುರುಚಲು ಗುಡ್ಡಗಳಲ್ಲಿ. ಒಂದು ಬೆಳಗ್ಗೆ ಗುಡ್ಡದ ಮೇಲೆ ಬೆಂಕಿ ಬಿದ್ದು ನಿಧಾನವಾಗಿ ಕೆಳಗಿನ ಹೊಲಗಳ ಕಡೆ ಇಳಿಯುತ್ತಿತ್ತು. ಎದುರು ಬೆಂಕಿ ಕೊಡುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಬರುವ ಬೆಂಕಿಗೆ ಎದುರಾಗಿ ನಾವೇ ಒಂದು ಬೆಂಕಿ ಹಚ್ಚಿದರೆ ಎರಡೂ ನಡುವೆ ಸೇರಿ, ಸುಡಲು ಏನೂ ಉಳಿಯದೆ ಆರುತ್ತವೆ. ಗುಡ್ಡದ ಬುಡದಲ್ಲಿ ಹಚ್ಚಿದರೆ ಅದು ಮೇಲಕ್ಕೆ ಹತ್ತುತ್ತದೆ ಎಂದು ಲೆಕ್ಕ ಹಾಕಿ, ಏಳು ಗಂಟೆಗೇ ಕಡ್ಡಿ ಗೀರಿದೆ. ಅದು ಹತ್ತಲಿಲ್ಲ. ನನ್ನ ಕಾಲ ನಡುವೆ ನುಸುಳಿದಂತೆ ಹಿಂದಕ್ಕೆ ಬಂದು ಬದು ಹಾರಿತು. ಹೊಲದಂಚಿನಲ್ಲಿದ್ದ ಒಬ್ಬ ಅಜ್ಜಿಯ ರಾಗಿ ಹುಲ್ಲಿನ ಮೆದೆ ನನ್ನ ಕಣ್ಣೆದುರೇ ಧಗ್ಗನೆ ಹೊತ್ತಿಕೊಂಡಿತು.

ಆಗ ಹೊಂಗೆಯ ಹಸಿ ಕೊಂಬೆ ಹಿಡಿದು ಓಡಿ ಬಂದವನು ಮಾದಯ್ಯ. ನಮ್ಮ ವಲಯದ ಹಂಗಾಮಿ ಬೆಂಕಿ ಕಾವಲುಗಾರ, ನನಗಿಂತ ಮೂರು ನಾಲ್ಕು ವರ್ಷ ದೊಡ್ಡವನು. ಪಕ್ಕದ ಹಳ್ಳಿಯಲ್ಲಿ ಅರ್ಧ ಎಕರೆ ಹೊಲ, ನಾಲ್ಕು ಕುರಿ ಇದ್ದ ಮನುಷ್ಯ. ಮೆದೆ ಉಳಿಯಲಿಲ್ಲ. ಪಕ್ಕದ ಕೊಟ್ಟಿಗೆ ಮಾತ್ರ ಉಳಿಯಿತು. ಅಜ್ಜಿ ನನ್ನ ಖಾಕಿ ಅಂಗಿ ನೋಡಿ ಬಯ್ಯಲಿಲ್ಲ. "ಕಾಡು ಕಾಯಾಕ್ ಬಂದೋನು ನನ್ನ ದನದ್ ಬಾಯ್ಗೆ ಬೆಂಕಿ ಇಕ್ಬುಟ್ಯಲ್ಲಪ್ಪ" ಎಂದಳು, ಅಷ್ಟೇ.

ಎಲ್ಲ ಆರಿದ ಮೇಲೆ ಮಾದಯ್ಯ ನನ್ನನ್ನು ಒಂದು ಬಂಡೆಯ ಮೇಲೆ ಕೂರಿಸಿ ತಿಳಿಸಿ ಹೇಳಿದ. ಹೊತ್ತು ಹುಟ್ಟಿದ ಮೇಲೂ ಒಂದೆರಡು ಗಂಟೆ ಗುಡ್ಡದ ತಣ್ಣನೆಯ ಗಾಳಿ ಕೆಳಕ್ಕೇ ಇಳಿಯುತ್ತಿರುತ್ತದೆ. ಬಂಡೆ ಬಿಸಿಯಾದ ಮೇಲೆ ತಾನೇ ಅದು ತಿರುಗಿ ಮೇಲಕ್ಕೆ ಹತ್ತುವುದು. "ಬೆಟ್ಟ ಇನ್ನೂ ಎದ್ದಿರ್ನಿಲ್ಲ ಸಾರ್. ನೀವು ಅವಸರ ಬಿದ್ದು ಎಬ್ಬುಸ್ಬುಟ್ರಿ" ಎಂದ. ಒಂದು ಹಿಡಿ ಮಣ್ಣಿನ ಧೂಳು ಉದುರಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ನೋಡಿರಲಿಲ್ಲ.

ಆಮೇಲೆ ಮೂವತ್ತು ವರ್ಷ, ನಾನು ಎಲ್ಲಿಗೆ ವರ್ಗವಾದರೂ ತಿರುಗಿ ಆ ವಲಯಕ್ಕೆ ಬಂದಾಗಲೆಲ್ಲ, ಅವನ ಹಿಂದೆ ನಡೆದು ಕಲಿತೆ. ಅವನು ಮರದ ಬುಡದಿಂದ ಒಣಗಿದ ತರಗು ಎತ್ತಿಕೊಂಡು ಮುಷ್ಟಿಯಲ್ಲಿ ಹಿಸುಕುತ್ತಿದ್ದ. ಬಾಗಿದರೆ, ಇವತ್ತು ಬೆಂಕಿ ಬಿದ್ದರೂ ಸೊಪ್ಪಿನಲ್ಲಿ ಬಡಿದು ಆರಿಸಬಹುದು. ಹಪ್ಪಳದಂತೆ ಸದ್ದು ಮಾಡಿ ಪುಡಿಯಾದರೆ, ಅದರ ಎದುರು ನಿಲ್ಲುವ ಯೋಚನೆಯನ್ನೇ ಬಿಡಬೇಕು. ಒಂದೇ ಗುಡ್ಡದಲ್ಲಿ ಕಮರದ ಮರದ ನೆರಳಿನ ತರಗು ಬಾಗುತ್ತಿತ್ತು, ಇಪ್ಪತ್ತು ಮಾರು ಆಚೆ ಬಂಡೆಯ ಪಕ್ಕದ್ದು ಪುಡಿಯಾಗುತ್ತಿತ್ತು. ನಮ್ಮ ಸೀಮೆಯ ಬಂಡೆಗಳು ಮಧ್ಯಾಹ್ನದ ಹೊತ್ತಿಗೆ ಕಾದ ಹೆಂಚು. ಪಡುವಣ ಇಳಿಜಾರು ಮೂರು ಗಂಟೆಗೆ ಒಣಗಿದಷ್ಟು ಬೇರೆ ಯಾವ ಮಗ್ಗುಲೂ ಒಣಗುವುದಿಲ್ಲ.

ಏರಿನಲ್ಲಿ ಬೆಂಕಿ ಓಡುತ್ತದೆ, ಇಳಿಜಾರಿನಲ್ಲಿ ನಡೆಯುತ್ತದೆ. ಏರಿನಲ್ಲಿ ಜ್ವಾಲೆ ಮೇಲಿನ ಹುಲ್ಲಿನ ಮೇಲೆ ಒರಗಿಕೊಂಡು, ಮುಟ್ಟುವ ಮೊದಲೇ ಅದನ್ನು ಒಣಗಿಸಿಬಿಡುತ್ತದೆ. ಇದು ಪುಸ್ತಕದಲ್ಲೂ ಇದೆ. ಇಳಿಯುವ ಬೆಂಕಿಯನ್ನೂ ನಂಬಬೇಡಿ ಎಂಬುದನ್ನು ಮಾತ್ರ ನಾನು ಮಾಗಡಿ ಕಡೆ ಇದ್ದಾಗ ಕಲಿತೆ. ನಾವು ಐದು ಜನ ನೆಮ್ಮದಿಯಾಗಿ ಇಳಿಯುವ ಬೆಂಕಿಯನ್ನು ಬಡಿಯುತ್ತಿದ್ದಾಗ, ಉರಿಯುತ್ತಿದ್ದ ಬಿದಿರಿನ ಬುಡವೊಂದು ಕಳಚಿ ಉರುಳಿ ನಮ್ಮ ಕೆಳಗೆ ಹೋಗಿ ಬಿತ್ತು. ಈಗ ಬೆಂಕಿ ನಮ್ಮ ಕೆಳಗಿತ್ತು, ಏರಿ ಬರುತ್ತಿತ್ತು. ಅವತ್ತು ಒಂದು ದೊಡ್ಡ ಹಾಸುಬಂಡೆ ಸಿಕ್ಕದಿದ್ದರೆ ಈ ಬರಹ ಇರುತ್ತಿರಲಿಲ್ಲ. ಬಂಡೆಯ ಮೇಲೆ ಕೂತು ಅಂಗಾಲು ಸುಡಿಸಿಕೊಂಡು ಉಳಿದೆವು.

ಕಾಡೂ ಬದಲಾಯಿತು. ನಾನು ಸೇರಿದಾಗ ದನ, ಕುರಿ ಹುಲ್ಲನ್ನು ಮೊಣಕಾಲು ದಾಟಲು ಬಿಡುತ್ತಿರಲಿಲ್ಲ. ಮೇಯಿಸುವುದನ್ನು ನಿಲ್ಲಿಸಿದೆವು. ನಿಲ್ಲಿಸಿದ್ದು ತಪ್ಪೆಂದು ನಾನು ಹೇಳಲಾರೆ, ಆದರೆ ಆಮೇಲೆ ಬೆಳೆದ ಹುಲ್ಲನ್ನು ಏನು ಮಾಡಬೇಕೆಂದು ಯಾರೂ ಯೋಚಿಸಲಿಲ್ಲ. ಬಾದೆ ಹುಲ್ಲು ಎದೆಯುದ್ದ ಬಂತು. ಅದರ ನಡುವೆ ಲಂಟಾನ ಹಬ್ಬಿತು. ಹುಲ್ಲಿನ ಬೆಂಕಿ ನೆಲದ ಮೇಲೆ ಹರಿದು ಹೋಗುತ್ತದೆ, ಮರ ಉಳಿಯುತ್ತದೆ. ಲಂಟಾನ ಇದ್ದರೆ ಬೆಂಕಿಗೆ ಏಣಿ ಸಿಕ್ಕಿತೆಂದೇ ಲೆಕ್ಕ. ಅದು ಹಸಿರಾಗಿದ್ದಾಗಲೂ ಎಣ್ಣೆ ಸುರಿದಂತೆ ಉರಿಯುತ್ತದೆ.

ಹಿಂದೆ ನಾವು ಸಂಕ್ರಾಂತಿಯ ಸುಮಾರಿಗೆ, ಇಬ್ಬನಿ ಇರುವಾಗಲೇ, ಬೆಂಕಿ ರೇಖೆಗಳನ್ನು ಸುಡುತ್ತಿದ್ದೆವು. ಗುಡ್ಡದ ಸುತ್ತ ಅಗಲವಾದ ಪಟ್ಟಿಯನ್ನು ಮೊದಲೇ ಬೋಳು ಮಾಡಿಟ್ಟರೆ ಬೇಸಿಗೆಯ ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತದೆ. ಆಮೇಲೊಮ್ಮೆ ಸುಡಬೇಡಿ, ಕತ್ತರಿಸಿ ಎಂದು ಆದೇಶ ಬಂತು. ಕತ್ತರಿಸಲು ಅನುಮತಿ ಶಿವರಾತ್ರಿ ಕಳೆದ ಮೇಲೆ ಬರುತ್ತಿತ್ತು. ಕತ್ತರಿಸಿದ್ದನ್ನು ಹೊರಹಾಕಲು ಆಳುಗಳಿಲ್ಲ. ಅದು ಆ ಪಟ್ಟಿಯಲ್ಲೇ ಬಿದ್ದು ಒಣಗುತ್ತಿತ್ತು. ಬೆಂಕಿ ನಿಲ್ಲಬೇಕಾದ ಜಾಗದಲ್ಲಿ ನಾವೇ ಸೌದೆ ಹಾಸಿಟ್ಟಿದ್ದೆವು. ಕಾಗದದಲ್ಲಿ ಮಾತ್ರ ರೇಖೆ ಪೂರ್ಣಗೊಂಡಿದೆ ಎಂದು ಬರೆಯುತ್ತಿದ್ದೆವು. ಬರೆದವನು ನಾನೇ.

ಕೊನೆಕೊನೆಗೆ ಉಪಗ್ರಹದ ಸಂದೇಶ ಮೊಬೈಲಿಗೆ ಬರತೊಡಗಿತು. ಇಂಥ ಜಾಗದಲ್ಲಿ ಬಿಸಿ ಕಂಡಿದೆ ಎಂದು ನಕ್ಷೆಯ ಮೇಲೆ ಕೆಂಪು ಚುಕ್ಕೆ. ಒಳ್ಳೆಯದೇ. ಆದರೆ ಆ ಚುಕ್ಕೆ ನಮಗಿಂತ ಮೊದಲು ಮೇಲಿನವರ ಮೊಬೈಲಿಗೂ ಹೋಗುತ್ತಿತ್ತು. ಎಷ್ಟು ಹೊತ್ತಿಗೆ ತಲುಪಿದಿರಿ, ಫೋಟೊ ಎಲ್ಲಿ, ಬೆಂಕಿಯ ಹತ್ತಿರ ನಿಂತಿರುವ ಫೋಟೊ ಎಲ್ಲಿ ಎಂಬ ಪ್ರಶ್ನೆ ಶುರುವಾಗುತ್ತಿತ್ತು. ಬೆಂಕಿಯನ್ನು ನೋಡಿಕೊಂಡು ಕೆಲಸ ಮಾಡುತ್ತಿದ್ದವರು ಫೋನು ನೋಡಿಕೊಂಡು ಕೆಲಸ ಮಾಡುವಂತಾಯಿತು.

ಇಷ್ಟೆಲ್ಲ ಹೇಳಿದ್ದು ತೊಟ್ಟಿಲಬಂಡೆ ಗುಡ್ಡಕ್ಕೆ ಬರುವುದಕ್ಕಾಗಿ.

ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷ ಚಿಲ್ಲರೆ ಇತ್ತು. ಯುಗಾದಿ ಕಳೆದು ನಾಲ್ಕೈದು ದಿನ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗುಡ್ಡದ ಪಡುವಣ ಮಗ್ಗುಲಿನ ಬುಡದಲ್ಲಿ ಹೊಗೆ ಕಂಡಿತು. ನಾನು, ಮಾದಯ್ಯ, ಇನ್ನು ಆರು ಜನ ಕಾವಲುಗಾರರು ಒಂದು ಗಂಟೆಗೆ ಅಲ್ಲಿದ್ದೆವು. ಆ ಮಗ್ಗುಲಿನ ನಡುವೆ ಬುಡದಿಂದ ತುದಿಯವರೆಗೆ ಒಂದು ಕೊರಕಲು ಇದೆ. ಮಳೆಗಾಲದಲ್ಲಿ ನೀರು ಹರಿದು ಕೊರೆದದ್ದು, ಆಳು ಮುಳುಗುವಷ್ಟು ಆಳ, ಒಳಗೆಲ್ಲ ಲಂಟಾನ. ಬೆಂಕಿ ಕೊರಕಲಿನ ತೆಂಕಲ ಕಡೆ ಇತ್ತು. ಬಡಗಲಿಂದ ತೆಳ್ಳನೆಯ ಗಾಳಿ ಬೀಸುತ್ತಿದ್ದುದರಿಂದ ಅದು ಕೊರಕಲಿನ ಕಡೆ ಸರಿಯದೆ, ತನ್ನ ಪಾಡಿಗೆ ತಾನು ಮೇಲಕ್ಕೆ ಸುಡುತ್ತಿತ್ತು.

ಕೊರಕಲಿನ ಬಡಗಲ ದಂಡೆಯಲ್ಲಿ ಒಂದು ನೆಡುತೋಪು ಇತ್ತು. ಹಿಂದಿನ ವರ್ಷ ದೊಡ್ಡವರೊಬ್ಬರು ಬಂದು ಮೊದಲ ಸಸಿ ನೆಟ್ಟು ಹೋಗಿದ್ದರು. ನೀರಿಲ್ಲದೆ ಅರ್ಧದಷ್ಟು ಸಸಿಗಳು ಆಗಲೇ ಕಡ್ಡಿಯಾಗಿದ್ದವು. ಹೆಸರಿನ ಫಲಕ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಮಾದಯ್ಯ ತರಗು ಹಿಸುಕಿ ನನ್ನ ಮುಂದೆ ಹಿಡಿದ. ಹಿಟ್ಟಾಗಿತ್ತು. ಕೆಳಗೆ ಸುಟ್ಟ ಜಾಗದ ಅಂಚಿನಲ್ಲೇ ನಿಂತು ಕಾಯೋಣ, ಬಿಸಿಲು ಇಳಿದ ಮೇಲೆ ಗುಡ್ಡದ ನೆತ್ತಿಯಲ್ಲಿ ಹಿಡಿಯೋಣ, ನೆತ್ತಿಯಲ್ಲಿ ಬರೀ ಬಂಡೆ, ಅಲ್ಲಿ ಅದೇ ಸುಸ್ತಾಗುತ್ತದೆ ಎಂಬುದು ಅವನ ಮಾತು. ನನಗೂ ಅದೇ ಸರಿ ಎನಿಸಿತ್ತು. ಇಬ್ಬರೂ ಹಾಗೇ ಎಂದು ತೀರ್ಮಾನಿಸಿ ಕೂತಿದ್ದೆವು.

ಎರಡು ಗಂಟೆಗೆ ಫೋನು ಬಂತು. ನಮ್ಮ ಹೊಸ ವಲಯಾಧಿಕಾರಿ. ಬಂದು ಎಂಟು ತಿಂಗಳಾಗಿತ್ತು. ಕೆಟ್ಟ ಮನುಷ್ಯ ಎಂದು ಹೇಳಲಾರೆ, ತನ್ನ ಮೇಲಿನವರಿಗೆ ವಿಪರೀತ ಹೆದರುತ್ತಿದ್ದ ಮನುಷ್ಯ. ಗುಡ್ಡದ ಮೂಡಲ ಕಡೆಯ ರಸ್ತೆಯಲ್ಲಿ ಜೀಪಿನೊಳಗೆ ಕೂತು ಮಾತಾಡುತ್ತಿದ್ದರು. ಅಲ್ಲಿಂದ ಅವರಿಗೆ ಹೊಗೆಯ ತುದಿ ಕಾಣುತ್ತಿದ್ದೀತು, ಬೆಂಕಿಯಲ್ಲ.

"ನೆಡುತೋಪಿಗೆ ಒಂದು ಕಿಡಿ ಬಿದ್ದರೂ ನಾನು ಉತ್ತರ ಹೇಳಬೇಕಾಗುತ್ತೆ ರೀ. ಕೊರಕಲಿಗೆ ಜನ ಇಳಿಸಿ, ಲಂಟಾನ ಕಡಿಸಿ, ಅಲ್ಲೇ ಅದನ್ನ ತಡೀರಿ. ಅರ್ಧ ಗಂಟೆಯಲ್ಲಿ ಫೋಟೊ ಬೇಕು."

ಸರ್, ಜಾಗ ಸರಿಯಿಲ್ಲ ಎಂದೆ. ಹೆದರಿಕೆ ಇದ್ದರೆ ಬರೆದು ಕೊಡಿ, ಬೇರೆಯವರನ್ನು ಕಳಿಸುತ್ತೇನೆ ಎಂದರು. ಆಯಿತು ಸರ್ ಎಂದೆ. ಬರೆದು ಕೊಡಬಹುದಿತ್ತು. ಈಗ ಯೋಚಿಸಿದರೆ ಅಷ್ಟೊಂದು ಸುಲಭದ ಕೆಲಸ.

ಫೋನು ಜೇಬಿಗಿಟ್ಟುಕೊಂಡು ತಿರುಗಿದಾಗ ಮಾದಯ್ಯ ಆಕಾಶ ನೋಡುತ್ತಿದ್ದ. ತೆಂಕಲಲ್ಲಿ, ಕಾವೇರಿಯ ಕಡೆ, ಹೂಕೋಸಿನಂತೆ ಮೋಡ ಎದ್ದಿತ್ತು, ಬುಡ ಕಪ್ಪು. ಆವರೆಗೆ ಬಡಗಲಿಂದ ಬೀಸುತ್ತಿದ್ದ ಗಾಳಿ ಪೂರ್ತಿ ನಿಂತುಹೋಗಿತ್ತು. ಹೊಗೆ ಕಂಬದಂತೆ ನೆಟ್ಟಗೆ ಏಳುತ್ತಿತ್ತು.

"ಗಾಳಿ ಬಿದ್ದೋಗೈತೆ ಸಾರ್" ಎಂದ. "ಆ ಮೋಡ ಒಡೀತು ಅಂದ್ರೆ ಅದ್ರ ಗಾಳಿ ಮಳೆಗಿಂತ ಮುಂಚೆ ಈ ಕಡೀಕೇ ನುಗ್ಗೋದು. ಬೆಂಕಿ ಸೀದಾ ಕೊರಕಲಿಗೆ ಬತ್ತದೆ. ಇಳೀಬ್ಯಾಡಿ."

ಬೇಸಿಗೆಯ ಮಳೆಮೋಡದ ಬುಡದಿಂದ ಬೀಳುವ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡಿ ಮೈಲಿಗಟ್ಟಲೆ ಓಡುತ್ತದೆ. ಪಕ್ಕಕ್ಕೆ ಮೆಲ್ಲಗೆ ಸುಡುತ್ತಿದ್ದ ಬೆಂಕಿಯ ಮಗ್ಗುಲೇ ಒಂದು ಕ್ಷಣದಲ್ಲಿ ಅದರ ಮುಖವಾಗುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಅವಕಾಶವೂ ನನಗಿಲ್ಲ.

"ಅರ್ಧ ಗಂಟೆ ಮಾದಣ್ಣ. ಒಂದು ಫೋಟೊ ತಗೊಂಡು ಮೇಲಕ್ಕೆ ಬಂದುಬಿಡೋಣ" ಎಂದೆ.

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಮಚ್ಚು ತೆಗೆದುಕೊಂಡ. ಕೊರಕಲಿನ ಮೇಲ್ಭಾಗದಲ್ಲಿ ಲಂಟಾನ ದಟ್ಟವಾಗಿದ್ದುದರಿಂದ, ಮಚ್ಚಿನ ಕೆಲಸದಲ್ಲಿ ಎಲ್ಲರಿಗಿಂತ ಚುರುಕಾದ ಅವನನ್ನೇ ನಾನು ಅಲ್ಲಿಗೆ ಕಳಿಸಿದೆ. ಉಳಿದ ಏಳು ಜನ ಕೆಳಗೆ, ಅವನಿಂದ ಅರವತ್ತು ಎಪ್ಪತ್ತು ಮಾರು ದೂರದಲ್ಲಿ. ನಾವಿದ್ದ ಕಡೆ ಬೆಂಕಿ ಆಗಲೇ ಮುಂದೆ ಹೋಗಿತ್ತು. ಕೊರಕಲಿನ ತೆಂಕಲ ದಂಡೆಯಾಚೆ ಒಂದು ತೆಳ್ಳನೆಯ ಉರಿ, ಅದರಾಚೆ ಸುಟ್ಟು ಕಪ್ಪಾದ ನೆಲ. ಅವನಿದ್ದ ಕಡೆ ಬೆಂಕಿಯ ತಲೆ ಇನ್ನೂ ಪಕ್ಕದಲ್ಲೇ ಇತ್ತು.

ಕಾಲು ಗಂಟೆಯೂ ಆಗಿರಲಿಲ್ಲ. ಮೊದಲು ಮೈಗೆ ತಂಪೆನಿಸಿತು. ಒಬ್ಬ ಕಾವಲುಗಾರ ಹಾಯ್ ಎನಿಸಿತು ಎಂದು ಬೆವರು ಕೂಡ ಒರೆಸಿಕೊಂಡ. ನೆಟ್ಟಗಿದ್ದ ಹೊಗೆ ಮುರಿದು ನಮ್ಮ ತಲೆಯ ಮೇಲೆ ಬಿತ್ತು. ಆಮೇಲೆ ಸದ್ದು. ಲಾರಿ ಏರಿನಲ್ಲಿ ಗೇರು ಬದಲಿಸಿದಂಥ ಸದ್ದು.

ಹೊಗೆಯೊಳಗಿಂದ ಮಾದಯ್ಯನ ದನಿ ಬಂತು. "ಮ್ಯಾಕ್ ಬರ್ಬ್ಯಾಡಿ, ಕರ್ರಗಿರೋ ಕಡೀಕ್ ಹಾರಿ" ಎಂದು ಮೂರು ಸಲ ಕೂಗಿದ.

ಅವನು ಕೂಗದಿದ್ದರೆ ನಾವು ಏಳು ಜನವೂ ಕೊರಕಲಿನಲ್ಲಿ ಮೇಲಕ್ಕೇ ಓಡುತ್ತಿದ್ದೆವು. ಹೆದರಿದ ಮನುಷ್ಯ ಬೆಂಕಿಗೆ ಬೆನ್ನು ಕೊಟ್ಟೇ ಓಡುವುದು. ತೆಂಕಲ ದಂಡೆ ಹತ್ತಿ, ಮುಖಕ್ಕೆ ಟವೆಲು ಹಿಡಿದು, ಮೊಣಕಾಲೆತ್ತರದ ಉರಿ ಹಾರಿ, ಸುಟ್ಟ ನೆಲಕ್ಕೆ ಬಿದ್ದೆವು. ನನ್ನ ಹುಬ್ಬು, ಒಂದು ಕೈಯ ಚರ್ಮ ಹೋಯಿತು. ತಿರುಗಿ ನೋಡಿದಾಗ ಕೊರಕಲು ಇಟ್ಟಿಗೆ ಗೂಡಿನ ಹೊಗೆಕೊಳವೆಯಂತೆ ಬುಡದಿಂದ ತುದಿಗೆ ಬೆಂಕಿಯನ್ನು ಎಳೆದುಕೊಳ್ಳುತ್ತಿತ್ತು. ಅವನ ಪಕ್ಕದಲ್ಲಿ ಹಾರಲು ಕಪ್ಪು ನೆಲ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಇಪ್ಪತ್ತು ನಿಮಿಷ ಕಳೆದ ಮೇಲೆ ಮಳೆ ಬಂತು. ದಪ್ಪ ಹನಿಯ ಮಳೆ. ಬೆಂಕಿ ತಾನಾಗಿಯೇ ಆರಿತು. ನಾವು ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಆರುತ್ತಿತ್ತು.

ಮಾದಯ್ಯನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದೆವು. ಜೀವ ಇತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ಮಾತಾಡದೆಯೇ ತೀರಿಕೊಂಡ.

ಮೂರನೆಯ ದಿನ ನನ್ನನ್ನು ಕಚೇರಿಗೆ ಕರೆಸಿದರು. ಹೇಳಿಕೆ ಆಗಲೇ ಟೈಪಾಗಿತ್ತು. ಹಂಗಾಮಿ ಕಾವಲುಗಾರನು ಯಾರ ಸೂಚನೆಯೂ ಇಲ್ಲದೆ, ಎಚ್ಚರಿಸಿದರೂ ಲೆಕ್ಕಿಸದೆ, ಸ್ವಂತ ಇಚ್ಛೆಯಿಂದ ಕೊರಕಲನ್ನು ಪ್ರವೇಶಿಸಿದನು ಎಂದಿತ್ತು. ಎಚ್ಚರಿಸಿದವನು ಅವನು, ಲೆಕ್ಕಿಸದವನು ನಾನು. ವಲಯಾಧಿಕಾರಿ ಕಾಗದವನ್ನು ನನ್ನ ಕಡೆ ತಳ್ಳಿದರು. ಇದರಲ್ಲಿ ನನ್ನ ಹೆಸರೂ ಇಲ್ಲ, ನಿಮ್ಮ ಹೆಸರೂ ಇಲ್ಲ, ನೋಡಿ ಎಂದರು. ನನಗೆ ಅಮಾನತಿನ ಭಯ. ಮೂರು ವರ್ಷ ಚಿಲ್ಲರೆಯ ಭಯ. ಕಟ್ಟು ಹಾಕಿದ್ದ ಕೈಯಲ್ಲೇ ಸಹಿ ಹಾಕಿದೆ. ಕೆಳಗೆ ಸಾಕ್ಷಿಗಳೆಂದು ಉಳಿದ ಆರು ಜನರೂ ಹಾಕಿದರು. ಅವರಲ್ಲಿ ಇಬ್ಬರು ಹೆಬ್ಬೆಟ್ಟು ಒತ್ತಿದವರು, ಅವರಿಗೆ ಏನು ಬರೆದಿದೆ ಎಂದು ಯಾರೂ ಓದಿ ಹೇಳಲಿಲ್ಲ. ಓದಲು ಬರುತ್ತಿದ್ದ ನಾನು ಅಲ್ಲೇ ಇದ್ದೆ.

ಹದಿನೈದು ದಿನ ಬಿಟ್ಟು ಅವನ ಮನೆಗೆ ಹೋದೆ. ಹೆಂಡತಿ ಕೆಂಪಮ್ಮ ಬಾಗಿಲಲ್ಲೇ ಕೇಳಿದರು. ಅಷ್ಟರಲ್ಲಿ ಆ ಕಾಗದದ ಸುದ್ದಿ ಊರಿಗೆ ಮುಟ್ಟಿತ್ತು. "ನೀವೂ ಅಲ್ಲೇ ಇದ್ರಂತಲ್ಲ ಸಾರ್. ನಮ್ ಯಜಮಾನ್ರು ನೀವ್ ಹೇಳಿದ್ ಮಾತ್ ಕೇಳ್ದೆ ಹೋದ್ರಾ?"

ಅದೆಲ್ಲ ಕಚೇರಿಯ ಬರವಣಿಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಏನೋ ಗೊಣಗಿದೆ. ಆಮೇಲೆ ಆ ಊರಿನ ದಾರಿಯಲ್ಲಿ ಗಸ್ತು ಬಿದ್ದಾಗಲೆಲ್ಲ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ವಲಯಾಧಿಕಾರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು.

ನಿವೃತ್ತಿಯಾಗಿ ಆರು ತಿಂಗಳಿಗೆ, ಕಳೆದುಕೊಳ್ಳಲು ಏನೂ ಇಲ್ಲವೆಂದು ಗಟ್ಟಿಯಾದ ಮೇಲೆ, ನಡೆದದ್ದನ್ನು ನಡೆದಂತೆ ನಾಲ್ಕು ಪುಟ ಬರೆದು ಮೇಲಿನ ಕಚೇರಿಗೆ ಕಳಿಸಿದೆ. ಕಳಿಸಿದವನು ನಾನೇ, ಸುಳ್ಳು ಹೇಳಿದವನೂ ನಾನೇ ಎಂದು ಬರೆದೆ. ಎರಡು ಸಾಲಿನ ಉತ್ತರ ಬಂತು. ಸದರಿ ಪ್ರಕರಣವು ಮುಕ್ತಾಯಗೊಂಡಿದ್ದು ಮರುಪರಿಶೀಲನೆಗೆ ಅವಕಾಶವಿರುವುದಿಲ್ಲ.

ನನ್ನ ಪತ್ರದ ಒಂದು ಪ್ರತಿ ಹಿಡಿದುಕೊಂಡು ಕೆಂಪಮ್ಮನ ಮನೆಗೆ ಹೋದೆ. ಅವತ್ತು ಭಾನುವಾರ. ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಮಗಳು ರತ್ನ ಮನೆಯಲ್ಲಿದ್ದಳು. ನನ್ನನ್ನು ಜಗುಲಿಯ ಮೇಲೆ ಕೂರಿಸಿದರು, ನೀರು ಕೊಟ್ಟರು. ರತ್ನ ನಾಲ್ಕು ಪುಟವನ್ನೂ ತಾಯಿಗೆ ಕೇಳುವಂತೆ ಓದಿದಳು. ಮೂರು ಸಲ ಕೂಗಿದ ಎಂಬ ಸಾಲನ್ನು ಅವಳು ಎರಡು ಸಲ ಓದಿದಳು.

ಕೆಂಪಮ್ಮ ಕೊನೆಯವರೆಗೂ ಅವರೆಕಾಯಿ ಬಿಡಿಸುತ್ತಲೇ ಕೇಳಿದರು. ಓದಿ ಮುಗಿದ ಮೇಲೆ ಕೈ ನಿಲ್ಲಿಸಿ, "ಅವ್ರು ಕೂಗಿದ್ದಕ್ಕೆ ಬದುಕ್ದೋರು ಎಷ್ಟು ಜನ ಸಾರ್?" ಎಂದರು.

"ಏಳು ಜನಮ್ಮ."

"ಏಳು ಜನದಾಗೆ ಒಬ್ರಿಗೂ ಆವತ್ತು ಬಾಯಿ ಬರ್ನಿಲ್ವಾ?"

ರತ್ನ ಹಾಳೆಗಳನ್ನು ಮಡಿಸಿ, ರೇಷನ್ ಕಾರ್ಡು ಇಡುವ ಪ್ಲಾಸ್ಟಿಕ್ ಕವರಿನೊಳಗೆ ಹಾಕಿದಳು. ಕನಕಪುರದ ಬಸ್ಸು ಇನ್ನು ಹತ್ತು ನಿಮಿಷಕ್ಕೆ ಬರುತ್ತದೆ, ಅದು ತಪ್ಪಿದರೆ ಸಂಜೆಯವರೆಗೆ ಬೇರೆ ಇಲ್ಲ ಎಂದಳು. ನಾನು ಎದ್ದೆ. ಕೆಂಪಮ್ಮ ಮತ್ತೆ ಕಾಯಿ ಬಿಡಿಸತೊಡಗಿದ್ದರು.